ಕತ್ತರಿ, ಕೋನ, ಆಕಾರ: ಕೇಶವಿನ್ಯಾಸ ಕಲಿಯುವವರಿಗೆ ಕೆಲವು ಮೂಲ ಪಾಠಗಳು

ಸೇವಾ ವಲಯದಲ್ಲಿ ಅತ್ಯಂತ ಕಡಿಮೆ ಬಂಡವಾಳದಿಂದ ಆರಂಭಿಸಬಹುದಾದ ಉದ್ಯಮಗಳ ಪೈಕಿ ಕೇಶವಿನ್ಯಾಸವೂ ಒಂದು. ಎರಡು ಕುರ್ಚಿ, ಎರಡು ಕನ್ನಡಿ, ನೀರಿನ ಸೌಕರ್ಯ ಹಾಗೂ ಒಳ್ಳೆಯ ಕತ್ತರಿಗಳಿದ್ದರೆ ಹೋಬಳಿ ಕೇಂದ್ರದಲ್ಲಿಯೂ ಅಂಗಡಿ ತೆರೆಯಲು ಸಾಧ್ಯ. ಆದರೆ ಈ ಉದ್ಯಮದ ನಿಜವಾದ ಬಂಡವಾಳ ಇರುವುದು ಕುರ್ಚಿಯ ಹಿಂದೆ ನಿಲ್ಲುವ ವ್ಯಕ್ತಿಯ ಕೈಯಲ್ಲಿ. ದರ್ಜಿಯು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆಯನ್ನು ಬಿಟ್ಟಿರುತ್ತಾನೆ. ಅಳತೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿಸಿದ ಕೂದಲಿಗೆ ಅಂತಹ ಅವಕಾಶವಿಲ್ಲ. ತಲೆಗೂದಲು ತಿಂಗಳಿಗೆ ಸರಾಸರಿ ಒಂದರಿಂದ ಒಂದೂಕಾಲು ಸೆಂಟಿಮೀಟರ್‌ನಷ್ಟು ಮಾತ್ರ ಬೆಳೆಯುತ್ತದೆ. ಎರಡು ಇಂಚು ಹೆಚ್ಚಾಗಿ ಕತ್ತರಿಸಿಬಿಟ್ಟರೆ ಆ ಗ್ರಾಹಕರು ನಾಲ್ಕೈದು ತಿಂಗಳ ಕಾಲ ಪ್ರತಿದಿನ ಬೆಳಿಗ್ಗೆ ಕನ್ನಡಿಯ ಮುಂದೆ ಆ ಅಂಗಡಿಯನ್ನು ನೆನೆಯುತ್ತಾರೆ. ಅವರು ಮರಳಿ ಬರುವುದಿಲ್ಲ. ಏಕೆ ಬರಲಿಲ್ಲವೆಂದು ಹೇಳುವುದೂ ಇಲ್ಲ.

ಹೀಗಾಗಿ ಹೊಸಬರ ಕೈಗೆ ಕತ್ತರಿ ಕೊಡಲು ಅಂಗಡಿಯ ಮಾಲೀಕರು ಹಿಂಜರಿಯುವುದು ಸಹಜ. ನಮ್ಮ ನಾಡಿನಲ್ಲಿ ಸವಿತಾ ಸಮಾಜದ ಕುಟುಂಬಗಳು, ಉತ್ತರ ಕರ್ನಾಟಕದಲ್ಲಿ ಹಡಪದ ಸಮುದಾಯದ ಕುಟುಂಬಗಳು ಈ ವೃತ್ತಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಅಲ್ಲಿ ಕಲಿಕೆಯ ಕ್ರಮ ಸರಳವಾಗಿತ್ತು: ತಂದೆಯೋ ಸೋದರಮಾವನೋ ಕತ್ತರಿಸುವುದನ್ನು ಹುಡುಗ ನೋಡುತ್ತಿದ್ದ, ನೆಲ ಗುಡಿಸುತ್ತಿದ್ದ, ನೀರು ಕಾಯಿಸುತ್ತಿದ್ದ, ಎರಡು ಮೂರು ವರ್ಷಗಳ ನಂತರ ಯಾರಾದರೂ ಚಿಕ್ಕ ಮಗುವಿನ ತಲೆ ಅವನ ಪಾಲಿಗೆ ಬರುತ್ತಿತ್ತು. ಈ ಕ್ರಮದಲ್ಲಿ ತಯಾರಾದ ಕೈಗಳ ನಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮನೆಯ ಹುಡುಗನಲ್ಲದ, ಆರು ತಿಂಗಳಿಗೆ ಅಂಗಡಿ ಬದಲಿಸುವ ಸಾಧ್ಯತೆಯಿರುವ ಇಂದಿನ ಕಲಿಕಾರ್ಥಿಗೆ ಅಷ್ಟು ಕಾಲ ಕಾಯುವ ವ್ಯವಧಾನವಿಲ್ಲ, ಮಾಲೀಕರಿಗೆ ಅಷ್ಟು ಕಾಲ ಕಾಯಿಸುವ ಸಾಮರ್ಥ್ಯವೂ ಇಲ್ಲ. ಕೈ ಬಲ್ಲದ್ದನ್ನು ಬಾಯಿಂದ ಹೇಳಿಕೊಡುವ ಕ್ರಮವೊಂದು ಇದ್ದರೆ ಈ ಕಾಲವನ್ನು ಬಹಳಷ್ಟು ತಗ್ಗಿಸಬಹುದು. ಅಂತಹ ಕ್ರಮವು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ಮೂಲತಃ ಶಾಲೆಯ ರೇಖಾಗಣಿತವೇ ಆಗಿದೆ.

ಈ ಚಿಂತನೆಗೆ ಹೆಚ್ಚಿನ ಪ್ರಚಾರ ದೊರಕಿಸಿದವರು ಲಂಡನ್ನಿನ ವಿಡಾಲ್ ಸಸೂನ್ (1928–2012). ಬಡತನದ ಬಾಲ್ಯ ಕಳೆದ ಅವರು ಹದಿನಾಲ್ಕರ ವಯಸ್ಸಿನಲ್ಲಿ ಕೇಶಶೃಂಗಾರದ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿ, 1954ರಲ್ಲಿ ಬಾಂಡ್ ಸ್ಟ್ರೀಟಿನಲ್ಲಿ ಸ್ವಂತ ಸೆಲೂನ್ ತೆರೆದರು. ಅಂದಿನ ಮಹಿಳೆಯರು ವಾರಕ್ಕೊಮ್ಮೆ ಅಂಗಡಿಗೆ ಹೋಗಿ ಕೂದಲನ್ನು ಸುರುಳಿಗೆ ಸುತ್ತಿಸಿ, ಸ್ಪ್ರೇ ಹೊಡೆಸಿಕೊಂಡು ಬರುತ್ತಿದ್ದರು. ಕತ್ತರಿಸಿದ ರೇಖೆಯೇ ಕೂದಲಿಗೆ ಆಕಾರ ಕೊಡಬೇಕು, ಮನೆಯಲ್ಲಿ ತೊಳೆದು ಒಣಗಿಸಿದರೂ ಅದು ತಾನಾಗಿಯೇ ಸ್ಥಾನಕ್ಕೆ ಬಂದು ಕೂರಬೇಕು ಎಂಬುದು ಸಸೂನರ ವಾದವಾಗಿತ್ತು. ಆಧುನಿಕ ವಾಸ್ತುಶಿಲ್ಪದಿಂದ ಪ್ರೇರಣೆ ಪಡೆದ ಅವರ 1960ರ ದಶಕದ ಬಾಬ್ ಮತ್ತು ಐದು ಮೊನೆಗಳ ವಿನ್ಯಾಸಗಳು ಪ್ರಸಿದ್ಧವಾದವು. ವಿನ್ಯಾಸಗಳಿಗಿಂತಲೂ ಹೆಚ್ಚು ಕಾಲ ಉಳಿದದ್ದು ಅವುಗಳ ಹಿಂದಿನ ಬೋಧನಾ ಕ್ರಮ ಎನ್ನಬಹುದು. ಕೋನವನ್ನು ಹೇಳಿಕೊಡಬಹುದು, ಅಳೆಯಬಹುದು, ತಪ್ಪಿದಾಗ ತೋರಿಸಬಹುದು.

ತಲೆಯ ನಕ್ಷೆ

ಕತ್ತರಿ ಹಿಡಿಯುವ ಮೊದಲು ಕಲಿಕಾರ್ಥಿಯು ತಲೆಯ ಉಬ್ಬುತಗ್ಗುಗಳನ್ನು ಬೆರಳಿನಿಂದ ಓದಲು ಕಲಿಯಬೇಕು. ಇದಕ್ಕೆ ಉದ್ದನೆಯ ಬಾಚಣಿಗೆಯೊಂದು ಸಾಕು. ಬಾಚಣಿಗೆಯನ್ನು ತಲೆಯ ಪಕ್ಕಕ್ಕೆ ಚಪ್ಪಟೆಯಾಗಿ ತಾಗಿಸಿದಾಗ, ಮೇಲ್ಭಾಗದಲ್ಲಿ ಅದು ತಲೆಯನ್ನು ಬಿಟ್ಟು ದೂರವಾಗುವ ಸ್ಥಳವೊಂದಿರುತ್ತದೆ. ಅದು ತಲೆಯ ‘ಭುಜ’. ಅದಕ್ಕಿಂತ ಕೆಳಗಿನ ಕೂದಲು ನೇರವಾಗಿ ಇಳಿಬೀಳುತ್ತದೆ, ಮೇಲಿನದು ಬಾಗಿಕೊಂಡು ಬರುತ್ತದೆ. ನೆತ್ತಿಯ ಮೇಲೆ ಬಾಚಣಿಗೆಯನ್ನು ಅಡ್ಡಲಾಗಿ ಇಟ್ಟರೆ ಅದು ತಾಗುವ ಬಿಂದುವೇ ತಲೆಯ ಶಿಖರ. ಹಿಂದಲೆಯಲ್ಲಿ, ಕಿವಿಗಳ ಮಟ್ಟಕ್ಕೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಬೆರಳಿಗೆ ಸಿಗುವ ಎಲುಬಿನ ಉಬ್ಬು ಮೂರನೆಯದು. ಈ ಉಬ್ಬು ಕೆಲವರಲ್ಲಿ ಸ್ಪಷ್ಟವಾಗಿರುತ್ತದೆ, ಹಲವರಲ್ಲಿ ಹಿಂದಲೆ ಚಪ್ಪಟೆಯಾಗಿರುತ್ತದೆ. ಎಲ್ಲಿ ಭಾರ ಉಳಿಸಬೇಕು, ಎಲ್ಲಿ ತೆಗೆಯಬೇಕು ಎಂಬುದರ ಅರ್ಧ ಉತ್ತರ ಇಲ್ಲಿಯೇ ಸಿಗುತ್ತದೆ.

ನೆತ್ತಿಯ ಸುಳಿಯನ್ನು ಮರೆಯುವಂತಿಲ್ಲ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂಬ ಅಜ್ಜಿಯರ ಮಾತು ಎಷ್ಟು ನಿಜವೋ ತಿಳಿಯದು. ಎರಡು ಸುಳಿ ಇದ್ದ ತಲೆಯ ಮೇಲೆ ಕೂದಲನ್ನು ತೀರ ಚಿಕ್ಕದಾಗಿ ಕತ್ತರಿಸಿದರೆ ಅದು ಸೆಟೆದು ನಿಲ್ಲುವುದಂತೂ ನಿಜ. ಸುಳಿಯ ಸುತ್ತಲಿನ ಕೂದಲನ್ನು ಅದರ ಭಾರದಿಂದಲೇ ಮಲಗುವಷ್ಟು ಉದ್ದವಾಗಿ ಬಿಡುವುದು ವಾಡಿಕೆ.

ನಂತರದ ಹಂತ ವಿಭಜನೆ. ಹಣೆಯ ಮಧ್ಯದಿಂದ ಕತ್ತಿನ ಹಿಂಭಾಗದವರೆಗೆ ಒಂದು ಬೈತಲೆ, ಒಂದು ಕಿವಿಯಿಂದ ನೆತ್ತಿಯ ಮೂಲಕ ಇನ್ನೊಂದು ಕಿವಿಗೆ ಮತ್ತೊಂದು ಬೈತಲೆ: ಹೀಗೆ ನಾಲ್ಕು ಭಾಗಗಳನ್ನು ಮಾಡಿ ಕ್ಲಿಪ್ ಹಾಕಲಾಗುತ್ತದೆ. ಪ್ರತಿ ಭಾಗದಿಂದ ಒಂದು ಬೆರಳಿನ ಅಗಲಕ್ಕಿಂತ ಹೆಚ್ಚಿಲ್ಲದ ತೆಳುವಾದ ಪದರವನ್ನು ಬಿಡಿಸಿಕೊಂಡು ಕತ್ತರಿಸಬೇಕು. ದಪ್ಪ ಪದರದಲ್ಲಿ ಮೇಲಿನ ಕೂದಲು ಒಂದು ಉದ್ದಕ್ಕೆ, ಕೆಳಗಿನದು ಇನ್ನೊಂದು ಉದ್ದಕ್ಕೆ ತುಂಡಾಗುತ್ತದೆ. ಜೊತೆಗೆ, ಮೊದಲು ಕತ್ತರಿಸಿದ ಎಳೆ ಮುಂದಿನ ಪದರದ ಮೂಲಕ ಕಾಣಬೇಕು, ಅದೇ ಅಳತೆಗೋಲು. ಅಂಗಡಿಗಳಲ್ಲಿ ಇದನ್ನು ‘ಗೈಡ್’ ಎಂದು ಕರೆಯುವುದು ರೂಢಿ. ಗೈಡ್ ಎರಡು ಬಗೆಯದು: ಇದ್ದಲ್ಲಿಯೇ ಇರುವಂಥದ್ದು, ಎಂದರೆ ಎಲ್ಲ ಕೂದಲನ್ನೂ ಅದರ ಬಳಿಗೆ ತಂದು ಕತ್ತರಿಸುವುದು, ಮತ್ತು ಸಂಚರಿಸುವಂಥದ್ದು, ಎಂದರೆ ಪ್ರತಿ ಪದರದಿಂದ ಸ್ವಲ್ಪ ಭಾಗವನ್ನು ಮುಂದಿನ ಪದರಕ್ಕೆ ಅಳತೆಯಾಗಿ ಒಯ್ಯುವುದು. ಕಾಣದ ಗೈಡ್‌ನ ಮೇಲೆ ಊಹೆಯಿಂದ ಕತ್ತರಿ ಆಡಿಸುವುದೇ ಹೊಸಬರ ಹೆಚ್ಚಿನ ತಪ್ಪುಗಳಿಗೆ ಕಾರಣ.

ನಾಲ್ಕು ಆಕಾರಗಳು

ಅಂಗಡಿಗಳ ಗೋಡೆಯ ಮೇಲಿನ ದರಪಟ್ಟಿಯಲ್ಲಿ ಇಪ್ಪತ್ತು ಹೆಸರುಗಳಿರಬಹುದು: ಸ್ಟ್ರೇಟ್ ಕಟ್, ಯು ಕಟ್, ವಿ ಕಟ್, ಸ್ಟೆಪ್ ಕಟ್, ಲೇಯರ್ ಕಟ್, ಬಾಬ್, ಬಾಯ್ ಕಟ್, ಮಶ್ರೂಮ್, ಮೀಡಿಯಂ, ಸಮ್ಮರ್, ಫೇಡ್. ಇವುಗಳ ಮೂಲದಲ್ಲಿರುವುದು ನಾಲ್ಕೇ ಆಕಾರಗಳು. ಉಳಿದದ್ದೆಲ್ಲ ಅವುಗಳ ಮಾರ್ಪಾಡು ಅಥವಾ ಮಿಶ್ರಣ. ಕೂದಲನ್ನು ತಲೆಯಿಂದ ಎಷ್ಟು ಕೋನಕ್ಕೆ ಎತ್ತಿ ಕತ್ತರಿಸಲಾಗಿದೆ ಎಂಬುದೇ ಒಂದನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ.

ಮೊದಲನೆಯದು ಒಂದೇ ಅಂಚಿನ ಆಕಾರ, ಅಂಗಡಿಯ ಮಾತಿನಲ್ಲಿ ‘ಬ್ಲಂಟ್’. ಇಲ್ಲಿ ಕೋನ ಸೊನ್ನೆ. ಕೂದಲನ್ನು ಎತ್ತದೆ, ಅದು ಸಹಜವಾಗಿ ಇಳಿಬೀಳುವಂತೆ ಬಾಚಿ, ಎಲ್ಲವನ್ನೂ ಒಂದೇ ಮಟ್ಟದಲ್ಲಿ ಕತ್ತರಿಸಲಾಗುತ್ತದೆ. ಎಲ್ಲ ಕೂದಲೂ ಒಂದೇ ಅಂಚಿಗೆ ಬಂದು ತಲುಪುವುದರಿಂದ ಕೆಳಭಾಗದಲ್ಲಿ ಭಾರ ಕೂಡುತ್ತದೆ, ಕೂದಲು ದಟ್ಟವಾಗಿ ಕಾಣುತ್ತದೆ. ಇದರಿಂದಾಗಿಯೇ ತೆಳುಗೂದಲಿನವರಿಗೆ ಇದು ಹೆಚ್ಚು ಒಪ್ಪುತ್ತದೆ. ಸ್ಟ್ರೇಟ್, ಯು, ವಿ ಈ ಮೂರೂ ಇದೇ ಕುಟುಂಬದವು. ಬದಲಾಗುವುದು ಅಂಚಿನ ರೇಖೆ ಮಾತ್ರ. ಸ್ಟ್ರೇಟ್‌ನಲ್ಲಿ ರೇಖೆ ನೆಲಕ್ಕೆ ಸಮಾನಾಂತರ, ಯು ಕಟ್‌ನಲ್ಲಿ ಅದು ಬೆನ್ನಿನ ನಡುವಿನಿಂದ ಎರಡೂ ಪಕ್ಕಕ್ಕೆ ಬಾಗಿ ಮೇಲೇರುತ್ತದೆ, ವಿ ಕಟ್‌ನಲ್ಲಿ ಎರಡು ಓರೆ ರೇಖೆಗಳು ನಡುವೆ ಮೊನೆಯಾಗಿ ಕೂಡುತ್ತವೆ.

ನೋಡಲು ಅತ್ಯಂತ ಸುಲಭವಾಗಿ ತೋರುವ ಈ ಆಕಾರವೇ ಕಲಿಕಾರ್ಥಿಯನ್ನು ಹೆಚ್ಚು ಬೆವರಿಸುತ್ತದೆ. ನೇರ ರೇಖೆಯಲ್ಲಿ ತಪ್ಪನ್ನು ಮರೆಮಾಚುವ ಜಾಗವಿಲ್ಲ. ಕೂದಲನ್ನು ಬೆರಳುಗಳ ನಡುವೆ ಹಿಡಿದು ಸ್ವಲ್ಪ ಎತ್ತಿದರೂ ಅಂಚು ಒಳಗಿಂದ ಮೆಟ್ಟಿಲಾಗುತ್ತದೆ. ಆದ್ದರಿಂದ ಸಾಧ್ಯವಾದಲ್ಲೆಲ್ಲ ಬೆರಳಿನ ಬದಲು ಬಾಚಣಿಗೆಯಿಂದ ಹಿಡಿದು, ಮೈಗೆ ತಾಗಿದಂತೆಯೇ ಕತ್ತರಿಸಬೇಕು. ಗ್ರಾಹಕರು ಕಾಲಿನ ಮೇಲೆ ಕಾಲು ಹಾಕಿ ಕುಳಿತಿದ್ದರೆ ಒಂದು ಭುಜ ತಗ್ಗಿ ರೇಖೆ ಓರೆಯಾಗುತ್ತದೆ. ಅವರು ಮೊಬೈಲ್ ನೋಡಲು ತಲೆ ಬಗ್ಗಿಸಿದ್ದರೆ, ತಲೆ ಎತ್ತಿದ ಕೂಡಲೇ ಹಿಂಬದಿಯ ಅಂಚು ಬೇರೆಯೇ ಆಗಿರುತ್ತದೆ. ಎರಡು ಪಾದಗಳನ್ನೂ ಊರಿ ನೇರವಾಗಿ ಕುಳಿತುಕೊಳ್ಳುವಂತೆ ವಿನಯದಿಂದ ಕೇಳಿಕೊಳ್ಳುವುದು ಕೆಲಸದ ಭಾಗವೇ ಆಗಿದೆ. ಭುಜದ ಮೇಲಿನ ಬಾಬ್‌ನಲ್ಲಿ ಕಿವಿಯ ಬಳಿ ಇನ್ನೊಂದು ಅಪಾಯವಿದೆ. ಅಲ್ಲಿ ಕೂದಲನ್ನು ಬಿಗಿಯಾಗಿ ಎಳೆದು ಕತ್ತರಿಸಿದರೆ, ಕೈ ಬಿಟ್ಟೊಡನೆ ಕಿವಿ ಅದನ್ನು ಹೊರಕ್ಕೆ ತಳ್ಳಿ, ಅಂಚಿನಲ್ಲಿ ಒಂದು ಕಚ್ಚು ಬಿದ್ದಂತೆ ಕಾಣುತ್ತದೆ. ಕಿವಿಯ ಮೇಲೆ ಬಿಗಿ ಬೇಡ.

ಎರಡನೆಯದು ಶ್ರೇಣಿಯ ಆಕಾರ, ಅಂದರೆ ಗ್ರಾಜುಯೇಶನ್. ಕೂದಲನ್ನು ಸೊನ್ನೆಗೂ ತೊಂಬತ್ತು ಡಿಗ್ರಿಗೂ ನಡುವೆ, ಸಾಮಾನ್ಯವಾಗಿ 45 ಡಿಗ್ರಿಗೆ ಎತ್ತಿ ಕತ್ತರಿಸುವುದರಿಂದ ಕೆಳಗಿನ ಕೂದಲು ಚಿಕ್ಕದಾಗಿಯೂ ಮೇಲೆ ಹೋದಂತೆ ಕ್ರಮವಾಗಿ ಉದ್ದವಾಗಿಯೂ ಉಳಿಯುತ್ತದೆ. ತುದಿಗಳು ಒಂದರ ಮೇಲೊಂದು ಜೋಡಿಸಿದ ಹೆಂಚುಗಳಂತೆ ಕೂಡುತ್ತವೆ, ಭಾರದ ರೇಖೆ ಅಂಚಿನಿಂದ ಮೇಲಕ್ಕೆ ಸರಿಯುತ್ತದೆ. ಕೋನ ಹೆಚ್ಚಿದಷ್ಟೂ ಆ ರೇಖೆ ಮೇಲೇರುತ್ತದೆ. ಹಿಂದಲೆ ಚಪ್ಪಟೆಯಾಗಿರುವವರಿಗೆ ಭಾರದ ರೇಖೆಯನ್ನು ಹಿಂದಲೆಯ ಉಬ್ಬಿರಬೇಕಾದ ಜಾಗದಲ್ಲಿ ನಿಲ್ಲಿಸಿದರೆ ತಲೆ ಗುಂಡಾಗಿ ಕಾಣುತ್ತದೆ. ಕನ್ನಡಿಯಲ್ಲಿ ಹಿಂಬದಿಯನ್ನು ತೋರಿಸಿದಾಗ ಗ್ರಾಹಕರ ಮುಖದಲ್ಲಿ ಮೂಡುವ ಸಂತೋಷ ಇದಕ್ಕೆ ಸಿಗುವ ಪ್ರಮಾಣಪತ್ರ. ಕತ್ತಿನಲ್ಲಿ ಚಿಕ್ಕದಾಗಿ, ಮುಖದತ್ತ ಉದ್ದವಾಗಿ ಬರುವ ಬಾಬ್ ಇದೇ ಆಕಾರದ್ದು.

ಮೂರನೆಯದು ಸಮಪದರದ ಆಕಾರ. ತಲೆಯ ಯಾವ ಸ್ಥಳದಿಂದ ಎಳೆ ಹಿಡಿದರೂ ಒಂದೇ ಉದ್ದ, ಉದಾಹರಣೆಗೆ ಎಲ್ಲೆಡೆಯೂ ಹತ್ತು ಸೆಂಟಿಮೀಟರ್. ಪ್ರತಿ ಎಳೆಯನ್ನೂ ತಲೆಯಿಂದ 90 ಡಿಗ್ರಿಗೆ ಎತ್ತಿ, ಬೆರಳುಗಳನ್ನು ತಲೆಯ ಬಾಗಿಗೆ ಸಮಾನಾಂತರವಾಗಿಟ್ಟು, ಸಂಚಾರಿ ಗೈಡ್‌ನೊಂದಿಗೆ ಕತ್ತರಿಸಲಾಗುತ್ತದೆ. ಇಲ್ಲಿ ಬಹುತೇಕ ಎಲ್ಲ ಕಲಿಕಾರ್ಥಿಗಳೂ ಮಾಡುವ ತಪ್ಪೊಂದಿದೆ: 90 ಡಿಗ್ರಿಯನ್ನು ನೆಲದಿಂದ ಅಳೆಯುವುದು. ಅಳೆಯಬೇಕಾದುದು ಎಳೆ ಹುಟ್ಟಿದ ಜಾಗದ ನೆತ್ತಿಯ ಚರ್ಮದಿಂದ. ಹೀಗಾಗಿ ಶಿಖರದಲ್ಲಿ ಕೂದಲು ಆಕಾಶಕ್ಕೆ, ಕಿವಿಯ ಮೇಲೆ ಗೋಡೆಯತ್ತ, ಹಿಂದಲೆಯ ಉಬ್ಬಿನ ಕೆಳಗೆ ಸ್ವಲ್ಪ ನೆಲದತ್ತ ಚಾಚುತ್ತದೆ. ಕದಂಬದ ಹೂವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆಯಿಂದ ಎಳೆಗೆ ಸಾಗುವಾಗ ಕಲಿಕಾರ್ಥಿಯು ತಾನೂ ಸುತ್ತ ಹೆಜ್ಜೆ ಹಾಕಬೇಕು. ನಿಂತಲ್ಲಿಯೇ ನಿಂತು ಕೈ ಚಾಚಿದರೆ ಕೂದಲು ತನ್ನತ್ತ ಎಳೆಯಲ್ಪಟ್ಟು, ದೂರದ ಪಕ್ಕ ಉದ್ದವಾಗಿ ಉಳಿಯುತ್ತದೆ. ಒಂದು ಪಕ್ಕ ಚಿಕ್ಕದಾಯಿತೆಂದು ಇನ್ನೊಂದನ್ನು, ಅದು ಚಿಕ್ಕದಾಯಿತೆಂದು ಮತ್ತೆ ಮೊದಲಿನದನ್ನು ಕತ್ತರಿಸುತ್ತಾ ಹೋಗುವ ಪರಿಸ್ಥಿತಿ ಹುಟ್ಟುವುದು ಬಹುಪಾಲು ಈ ಸೋಮಾರಿ ಪಾದಗಳಿಂದಲೇ.

ನಾಲ್ಕನೆಯದು ಏರುಪದರದ ಆಕಾರ. ಗ್ರಾಹಕರು ‘ಲೇಯರ್’ ಅಥವಾ ‘ಸ್ಟೆಪ್’ ಎಂದು ಕೇಳುವಾಗ ಬಯಸುವುದು ಸಾಮಾನ್ಯವಾಗಿ ಇದನ್ನೇ. ನೆತ್ತಿಯಲ್ಲಿ ಅತ್ಯಂತ ಚಿಕ್ಕದಾಗಿದ್ದು ಕೆಳಗೆ ಬಂದಂತೆ ಉದ್ದವಾಗುವ ಇದು ಶ್ರೇಣಿಯ ಆಕಾರಕ್ಕೆ ತದ್ವಿರುದ್ಧ. ನೆತ್ತಿಯ ಒಂದು ಎಳೆಯನ್ನು ಸ್ಥಿರ ಗೈಡ್ ಆಗಿ ಇರಿಸಿಕೊಂಡು, ಉಳಿದ ಕೂದಲನ್ನೆಲ್ಲ 180 ಡಿಗ್ರಿಯಷ್ಟು ಮೇಲೆತ್ತಿ ಅದರ ಬಳಿಗೆ ತಂದು ಕತ್ತರಿಸಲಾಗುತ್ತದೆ. ಕೆಳಗಿನ ಕೂದಲು ಹೆಚ್ಚು ದೂರ ಪ್ರಯಾಣ ಮಾಡಿ ಬರುವುದರಿಂದ ತಾನಾಗಿಯೇ ಹೆಚ್ಚು ಉದ್ದವಾಗಿ ಉಳಿಯುತ್ತದೆ. ಗೈಡ್‌ವರೆಗೆ ತಲುಪದ ಕೂದಲನ್ನು ಹಾಗೆಯೇ ಬಿಡಬೇಕು, ಜಗ್ಗಿ ತಲುಪಿಸಬಾರದು. ಭಾರವಾದ ಉದ್ದ ಕೂದಲಿಗೆ ಇದು ಹಗುರತನವನ್ನೂ ಚಲನೆಯನ್ನೂ ಕೊಡುತ್ತದೆ. ತೆಳುಗೂದಲಿಗೆ ಮಾತ್ರ ತುದಿ ಇಲಿಬಾಲದಂತಾಗುವ ಭಯವಿದೆ.

ಲೇಯರ್‌ಗೆ ಒಪ್ಪುವ ಮೊದಲು ಒಂದು ಪ್ರಶ್ನೆಯನ್ನು ಕೇಳಲೇಬೇಕು: ದಿನವೂ ಜಡೆ ಹೆಣೆಯುತ್ತೀರಾ? ಶಾಲೆಗೆ ಹೋಗುವ ಹುಡುಗಿಯರು, ಸಮವಸ್ತ್ರದ ನೌಕರಿಯಲ್ಲಿರುವ ಮಹಿಳೆಯರು, ದುಂಡುಮಲ್ಲಿಗೆ ಮುಡಿಯದೆ ಹಬ್ಬವನ್ನು ಕಳೆಯದ ಗೃಹಿಣಿಯರು ನಮ್ಮಲ್ಲಿ ಬಹಳ. ನೆತ್ತಿಯ ಪದರಗಳು ತೀರ ಚಿಕ್ಕದಾದರೆ ಜಡೆಯಿಂದ ಅಲ್ಲಲ್ಲಿ ಮೊನೆಗಳು ಚಾಚಿಕೊಳ್ಳುತ್ತವೆ, ತುರುಬು ನಿಲ್ಲುವುದಿಲ್ಲ, ಹೂವಿಗೆ ಆಧಾರ ಸಿಗುವುದಿಲ್ಲ. ವಿದೇಶೀ ಪಠ್ಯಪುಸ್ತಕಗಳಲ್ಲಿ ಈ ಪ್ರಶ್ನೆ ಇರುವುದಿಲ್ಲ. ಜಡೆಯ ಗ್ರಾಹಕರಿಗೆ ಯು ಅಥವಾ ವಿ ಅಂಚಿನ ಮೇಲೆ, ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕೆಲವು ಉದ್ದ ಪದರಗಳನ್ನು ಮಾಡುವುದು ಸುರಕ್ಷಿತ ಮಾರ್ಗ.

ಪುರುಷರ ಅಂಗಡಿಯ ಪಾಂಡಿತ್ಯ

ಈ ಪಾಠಗಳೆಲ್ಲ ಬ್ಯೂಟಿ ಪಾರ್ಲರುಗಳಿಗೆ ಸಂಬಂಧಿಸಿದವು, ಪುರುಷರ ಸೆಲೂನುಗಳಿಗೆ ಇವುಗಳ ಅಗತ್ಯವಿಲ್ಲವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಹಳೆಯ ಸೆಲೂನಿನ ಹಿರಿಯರು ನಿತ್ಯವೂ ಮಾಡುವ ‘ಮೀಡಿಯಂ’ ಕಟ್ ಹಿಂಬದಿಯಲ್ಲಿ ಮತ್ತು ಪಕ್ಕಗಳಲ್ಲಿ ಅಪ್ಪಟ ಶ್ರೇಣಿಯ ಆಕಾರವೇ, ಮೇಲ್ಭಾಗದಲ್ಲಿ ಸಮಪದರ. ಬಾಚಣಿಗೆಯ ಮೇಲೆ ಕತ್ತರಿ ಆಡಿಸುವ ಅವರ ಕೌಶಲ ಕೋನದ ಹೆಸರು ಹೇಳದೆಯೇ ಕೋನವನ್ನು ಪಾಲಿಸುತ್ತದೆ. ಕತ್ತಿನ ಬಳಿ ಬಾಚಣಿಗೆ ಚರ್ಮಕ್ಕೆ ಹತ್ತಿರವಿರುತ್ತದೆ, ಮೇಲೇರಿದಂತೆ ಅದು ತಲೆಯಿಂದ ಹೊರಕ್ಕೆ ವಾಲುತ್ತಾ ಬರುತ್ತದೆ. ವಾಲಿದಷ್ಟೂ ಕೂದಲು ಉದ್ದ. ಕತ್ತರಿಯ ಒಂದು ಅಲಗು ಬಾಚಣಿಗೆಯ ಬೆನ್ನಿಗೆ ಸಮಾನಾಂತರವಾಗಿ ಅಲುಗದೆ ನಿಂತಿರುತ್ತದೆ, ಹೆಬ್ಬೆರಳಿಗೆ ಸೇರಿದ ಇನ್ನೊಂದು ಅಲಗು ಮಾತ್ರ ಆಡುತ್ತದೆ. ಬಾಚಣಿಗೆ ನಡುವೆ ನಿಂತರೆ ಅಲ್ಲೊಂದು ಮೆಟ್ಟಿಲು ಬೀಳುತ್ತದೆ. ಈ ವಿದ್ಯೆಗೆ ಏಳು ಇಂಚಿನ ಉದ್ದ ಕತ್ತರಿ ಅನುಕೂಲ. ಬೆರಳುಗಳ ನಡುವೆ ಹಿಡಿದು ಕತ್ತರಿಸುವ ಕೆಲಸಕ್ಕೆ ಐದರಿಂದ ಆರು ಇಂಚಿನದು ಸಾಕು.

ಹೀಗೆ ಹೆಸರಿಸುವುದರಿಂದ ಪ್ರಯೋಜನವೇನು ಎಂದು ಕೇಳಬಹುದು. ತನ್ನ ಕೈಯಲ್ಲಿರುವುದು ಶ್ರೇಣಿಯ ಆಕಾರವೆಂದು ತಿಳಿದ ಸೆಲೂನಿನ ಯುವಕನಿಗೆ ಮಹಿಳೆಯರ ಗ್ರಾಜುಯೇಟೆಡ್ ಬಾಬ್ ಹೊಸ ವಿದ್ಯೆಯಾಗಿ ಉಳಿಯುವುದಿಲ್ಲ; ಅದೇ ಕೋನ, ಹೆಚ್ಚು ಉದ್ದದಲ್ಲಿ. ದೊಡ್ಡ ಸರಣಿ ಸೆಲೂನುಗಳ ಸಂದರ್ಶನದಲ್ಲಿ ಅವನು ತಾನು ಬಲ್ಲದ್ದನ್ನು ಬಾಯಿಬಿಟ್ಟು ಹೇಳಬಲ್ಲವನಾಗುತ್ತಾನೆ. ಕುಲಕಸುಬಿನ ಕೈಚಳಕವಿದ್ದೂ ಪರಿಭಾಷೆ ತಿಳಿಯದ ಕಾರಣಕ್ಕೆ, ಆರು ತಿಂಗಳ ಕೋರ್ಸ್ ಮುಗಿಸಿ ಬಂದವರ ಕೈಕೆಳಗೆ ಸಹಾಯಕರಾಗಿ ದುಡಿಯುವ ಪರಿಸ್ಥಿತಿ ಅನೇಕರಿಗೆ ಒದಗುತ್ತದೆ. ಅದು ನ್ಯಾಯವಲ್ಲ, ಅನಿವಾರ್ಯವೂ ಅಲ್ಲ.

ವಿದ್ಯುತ್ ಮಷಿನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದ ಇಲಿನಾಯ್‌ನ ಲಿಯೋ ವಾಲ್ 1919ರಲ್ಲಿ ರೂಪಿಸಿದ ಮಾದರಿಯಿಂದ ಇಂದಿನ ತನಕ ಅದರ ತತ್ತ್ವ ಒಂದೇ. ಅದಕ್ಕೆ ಸಿಕ್ಕಿಸುವ ಗಾರ್ಡ್‌ಗಳ ಸಂಖ್ಯೆ ಸಾಮಾನ್ಯವಾಗಿ ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿರುತ್ತದೆ: ಒಂದನೆಯದು ಸುಮಾರು 3 ಮಿಲಿಮೀಟರ್, ಎರಡನೆಯದು 6, ಮೂರನೆಯದು 10, ನಾಲ್ಕನೆಯದು 13. ಫೇಡ್ ಎನ್ನುವುದು ಈ ಸಂಖ್ಯೆಗಳ ನಡುವಿನ ಗಡಿಗೆರೆಗಳನ್ನು ಅಳಿಸುವ ಕಲೆ. ದೊಡ್ಡ ಸಂಖ್ಯೆಯಿಂದ ಆರಂಭಿಸಿ ಚಿಕ್ಕದಕ್ಕೆ ಇಳಿಯುವುದು ಹೊಸಬರಿಗೆ ಕ್ಷೇಮ. ಸೈಡ್‌ಲಾಕ್‌ಗಳನ್ನು ಕಿವಿಗಳ ಆಧಾರದಿಂದ ಸರಿದೂಗಿಸಬಾರದು, ಏಕೆಂದರೆ ಎರಡು ಕಿವಿಗಳೂ ಒಂದೇ ಮಟ್ಟದಲ್ಲಿರುವವರು ಕಡಿಮೆ. ಎರಡೂ ಕಡೆ ಬೆರಳಿಟ್ಟು, ಎದುರಿನ ಕನ್ನಡಿಯಲ್ಲಿ ನೋಡಿ ಕಣ್ಣುಗಳ ಮಟ್ಟಕ್ಕೆ ಹೋಲಿಸುವುದು ಸರಿಯಾದ ಕ್ರಮ.

ನೀರು, ಬಿಗಿ, ಪರೀಕ್ಷೆ

ನೆನೆದ ಕೂದಲು ಒಣಗೂದಲಿಗಿಂತ ಹೆಚ್ಚು ಹಿಗ್ಗುತ್ತದೆ. ಒದ್ದೆಯಾಗಿದ್ದಾಗ ಎಳೆದು ಕತ್ತರಿಸಿದ ಅಂಚು ಒಣಗಿದ ಮೇಲೆ ಮೇಲಕ್ಕೆ ಸರಿಯುತ್ತದೆ. ಗುಂಗುರು ಕೂದಲಿನಲ್ಲಿ ಈ ಸಂಕೋಚನ ಗಾಬರಿಪಡಿಸುವಷ್ಟಿರುತ್ತದೆ. ಆದ್ದರಿಂದ ಗುಂಗುರು ಕೂದಲನ್ನು ಬೇಕಾದ ಉದ್ದಕ್ಕಿಂತ ಕೆಳಗೆ ಕತ್ತರಿಸಿ, ಒಣಗಿಸಿ ನೋಡಿ, ಬೇಕಿದ್ದರೆ ಮತ್ತೆ ಕತ್ತರಿಸಬೇಕು. ಕೆಲಸದ ನಡುವೆ ಒಂದು ಪಕ್ಕ ಒಣಗಿ ಇನ್ನೊಂದು ಒದ್ದೆಯಾಗಿರಲು ಬಿಡಬಾರದು. ನೀರಿನ ಸ್ಪ್ರೇ ಬಾಟಲಿ ಕೈಗೆಟುಕುವಲ್ಲಿರಬೇಕು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುವ ಗ್ರಾಹಕರ ಕೂದಲನ್ನು ತೊಳೆಯದೆ ಕತ್ತರಿಸುವುದು ಸಮಯದ ಉಳಿತಾಯದಂತೆ ಕಂಡರೂ, ಎಣ್ಣೆಗೆ ಅಂಟಿ ಕೂತ ಎಳೆಗಳು ತಮ್ಮ ನಿಜವಾದ ಇಳಿಜಾರನ್ನು ತೋರಿಸುವುದಿಲ್ಲ.

ಕತ್ತರಿಕೆ ಮುಗಿದ ನಂತರ ಅಡ್ಡಪರೀಕ್ಷೆ ಕಡ್ಡಾಯ. ಅಡ್ಡ ಪದರಗಳಲ್ಲಿ ಕತ್ತರಿಸಿದ್ದನ್ನು ಲಂಬ ಪದರಗಳಲ್ಲಿ ಎತ್ತಿ ನೋಡಬೇಕು, ಲಂಬವಾಗಿ ಕತ್ತರಿಸಿದ್ದನ್ನು ಅಡ್ಡಲಾಗಿ. ಲೆಕ್ಕಪತ್ರದಲ್ಲಿ ಅಡ್ಡಸಾಲಿನ ಮೊತ್ತವನ್ನೂ ಉದ್ದಸಾಲಿನ ಮೊತ್ತವನ್ನೂ ತಾಳೆ ನೋಡುವಂತೆಯೇ ಇದು. ಮಾಲೀಕರು ಕಲಿಕಾರ್ಥಿಯ ಕೆಲಸವನ್ನು ಎರಡು ನಿಮಿಷದಲ್ಲಿ ತಪಾಸಣೆ ಮಾಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ತುದಿಗಳನ್ನು ಮೃದುಗೊಳಿಸಲು ಕತ್ತರಿಯ ಮೊನೆಯನ್ನು ಕೂದಲಿನೊಳಗೆ ನೇರವಾಗಿ ತೂರಿ ಕತ್ತರಿಸುವ ಕ್ರಮವನ್ನೂ, ದಟ್ಟ ಕೂದಲಿನ ಭಾರ ಇಳಿಸಲು ಹಲ್ಲುಗತ್ತರಿಯನ್ನೂ ಬಳಸಲಾಗುತ್ತದೆ. ಹಲ್ಲುಗತ್ತರಿಯನ್ನು ಬುಡದ ಹತ್ತಿರ ಬಳಸಿದರೆ ಚಿಕ್ಕ ಕೂದಲುಗಳು ಉದ್ದನೆಯವನ್ನು ಎತ್ತಿ ನಿಲ್ಲಿಸುತ್ತವೆ, ಕೂದಲು ಕಡಿಮೆಯಾಗುವ ಬದಲು ಉಬ್ಬಿ ನಿಲ್ಲುತ್ತದೆ. ನಾಲ್ಕು ಆಕಾರಗಳು ಕೈಗೆ ಬರುವವರೆಗೆ ಕಲಿಕಾರ್ಥಿಯ ಪೆಟ್ಟಿಗೆಯಲ್ಲಿ ಹಲ್ಲುಗತ್ತರಿ ಇಲ್ಲದಿದ್ದರೆ ಒಳ್ಳೆಯದು. ತಪ್ಪು ರೇಖೆಯನ್ನು ಮಸುಕುಗೊಳಿಸುವ ಚಟ ಅಲ್ಲಿಂದಲೇ ಆರಂಭವಾಗುತ್ತದೆ.

ಪ್ರತಿ ಗ್ರಾಹಕರಿಗೂ ಹೊಸ ಬ್ಲೇಡ್, ಒಗೆದ ಟವೆಲ್, ಸೋಂಕುನಿವಾರಕದಲ್ಲಿ ಅದ್ದಿ ಒರೆಸಿದ ಕತ್ತರಿ ಮತ್ತು ಬಾಚಣಿಗೆ ಇವು ಚೌಕಾಸಿಗೆ ಒಳಪಡದ ವಿಷಯಗಳು. ತಲೆ ಮಸಾಜಿನ ಕೊನೆಗೆ ಕುತ್ತಿಗೆಯನ್ನು ಫಕ್ಕನೆ ತಿರುಗಿಸಿ ನೆಟಿಗೆ ಮುರಿಯುವ ರೂಢಿಯನ್ನು ಹೊಸಬರಿಗೆ ಕಲಿಸದಿರುವುದೇ ಲೇಸು. ಮೆದುಳಿಗೆ ರಕ್ತ ಒಯ್ಯುವ ನಾಳಗಳಿಗೆ ಪೆಟ್ಟಾಗಿ ಪಾರ್ಶ್ವವಾಯು ಉಂಟಾಗುವ ಅಪಾಯ ಅದರಲ್ಲಿದೆ.

‘ಸ್ವಲ್ಪ’ ಎಂದರೆ ಎಷ್ಟು?

ಗ್ರಾಹಕರ ಅಸಮಾಧಾನಗಳಲ್ಲಿ ಹಲವು ಕತ್ತರಿಯಿಂದ ಹುಟ್ಟುವುದಿಲ್ಲ, ಮಾತಿನಿಂದ ಹುಟ್ಟುತ್ತವೆ. ‘ಸ್ವಲ್ಪ ತುದಿ ತೆಗೆಯಿರಿ’ ಎಂಬಲ್ಲಿನ ‘ಸ್ವಲ್ಪ’ ಹೇಳುವವರಿಗೆ ಅರ್ಧ ಇಂಚು, ಕೇಳುವವರಿಗೆ ಎರಡು ಇಂಚು ಆಗಿರಬಹುದು. ‘ಎಷ್ಟೆಂದು ಬೆರಳಿನಲ್ಲಿ ತೋರಿಸಿ, ಮೇಡಂ’ ಎಂದು ಕೇಳಿ, ಅದೇ ಅಳತೆಯನ್ನು ಬಾಚಣಿಗೆಯಿಂದ ಅವರ ಕೂದಲಿನ ಮೇಲೆಯೇ ಇಟ್ಟು ತೋರಿಸಿ, ಒಪ್ಪಿಗೆ ಪಡೆದ ನಂತರ ನೀರು ಸಿಂಪಡಿಸಬೇಕು. ಚಿತ್ರನಟಿಯ ಛಾಯಾಚಿತ್ರವನ್ನು ತಂದು ತೋರಿಸುವವರ ಬಳಿ, ಆ ಚಿತ್ರದಲ್ಲಿ ಅವರಿಗೆ ಮೆಚ್ಚುಗೆಯಾದುದು ಉದ್ದವೋ, ಮುಂಗುರುಳೋ, ಬಣ್ಣವೋ ಎಂಬುದನ್ನು ಕೇಳಿ ತಿಳಿಯುವುದು ಒಳಿತು. ಮುಂಗುರುಳಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಅದನ್ನು ಒದ್ದೆಯಾಗಿ ಎಳೆದು ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರೆ ಒಣಗಿದ ಮೇಲೆ ಅದು ಹಣೆಯ ನಡುವೆ ನಿಲ್ಲುತ್ತದೆ.

ಅಭ್ಯಾಸದ ವೆಚ್ಚ ಮತ್ತು ನೆರವು

ಅಭ್ಯಾಸಕ್ಕಾಗಿ ನೈಜ ಕೂದಲಿನ ಡಮ್ಮಿ ತಲೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಒಮ್ಮೆ ಕತ್ತರಿಸಿದ ಡಮ್ಮಿ ಮತ್ತೆ ಬೆಳೆಯದ ಕಾರಣ ಪಾಠದ ಕ್ರಮವನ್ನು ಯೋಚಿಸಿ ಜೋಡಿಸಿದರೆ ಖರ್ಚು ತಗ್ಗುತ್ತದೆ. ಒಂದೇ ಡಮ್ಮಿಯ ಮೇಲೆ ಮೊದಲು ಉದ್ದನೆಯ ನೇರ ಅಂಚು, ಅನಂತರ ಯು, ವಿ, ಆಮೇಲೆ ಭುಜದ ಮಟ್ಟದ ಬಾಬ್, ಅದನ್ನೇ ಶ್ರೇಣಿಯ ಬಾಬ್ ಆಗಿಸುವುದು, ಮುಂದೆ ಸಮಪದರ, ಕಡೆಗೆ ಬಾಚಣಿಗೆಯ ಮೇಲಿನ ಕತ್ತರಿ ಹೀಗೆ ಉದ್ದದಿಂದ ಗಿಡ್ಡಕ್ಕೆ ಇಳಿಯಬಹುದು. ಏರುಪದರಕ್ಕೆ ಮಾತ್ರ ಬೇರೆ ಡಮ್ಮಿ ಬೇಕು; ನೆತ್ತಿಯ ಕೂದಲನ್ನು ಮೊದಲೇ ಚಿಕ್ಕದಾಗಿಸುವ ಆ ಪಾಠ ಉಳಿದ ಪಾಠಗಳಿಗೆ ಅವಕಾಶವನ್ನೇ ಉಳಿಸುವುದಿಲ್ಲ. ಎರಡು ಡಮ್ಮಿಗಳಲ್ಲಿ ನಾಲ್ಕೂ ಆಕಾರಗಳ ಮೊದಲ ಸುತ್ತು ಮುಗಿಯುತ್ತದೆ. ರಾಜ್ಯದ ಬಹುತೇಕ ಸೆಲೂನುಗಳಿಗೆ ಮಂಗಳವಾರ ರಜೆಯಿರುವುದರಿಂದ ಆ ದಿನದ ಒಂದು ಬೆಳಗನ್ನು ಅಭ್ಯಾಸಕ್ಕೆ ಮೀಸಲಿಡುವುದು ಮಾಲೀಕರಿಗೂ ಹೊರೆಯಾಗದು.

ಸೆಲೂನ್ ಮತ್ತು ಕ್ಷೌರ ಸೇವೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇಕಡ 18ರಿಂದ ಶೇಕಡ 5ಕ್ಕೆ ಇಳಿದಿದೆ. ಆದರೆ ಈ ದರದಲ್ಲಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಕುರ್ಚಿ, ಕತ್ತರಿ, ಡಮ್ಮಿಗಳ ಖರೀದಿಯಲ್ಲಿ ತೆತ್ತ ತೆರಿಗೆ ಅಂಗಡಿಯ ವೆಚ್ಚವಾಗಿಯೇ ಉಳಿಯುವುದರಿಂದ, ನೋಂದಾಯಿತ ಸೆಲೂನುಗಳು ತರಬೇತಿಯ ಖರ್ಚನ್ನು ಲೆಕ್ಕ ಹಾಕುವಾಗ ಇದನ್ನು ಗಮನಿಸಬೇಕಾಗುತ್ತದೆ.

ಕುಟುಂಬದ ಸಾಂಪ್ರದಾಯಿಕ ವೃತ್ತಿಯಾಗಿ ಕ್ಷೌರಿಕ ಕೆಲಸದಲ್ಲಿ ಸ್ವಯಂ ಉದ್ಯೋಗಿಗಳಾಗಿರುವವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಸ್ಥಾನವಿದೆ. ಹದಿನೆಂಟು ವರ್ಷ ತುಂಬಿದವರು, ಕುಟುಂಬಕ್ಕೆ ಒಬ್ಬರಂತೆ, ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ನೋಂದಾಯಿಸಿಕೊಳ್ಳಬಹುದು. ಮೂಲ ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿಗಳ ಭತ್ಯೆ, ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗಿನ ನೆರವು, ಹಾಗೂ ಆಧಾರವಿಲ್ಲದೆ ಶೇಕಡ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷ ರೂಪಾಯಿಗಳವರೆಗೆ ಸಾಲ ದೊರೆಯುತ್ತದೆ. 2 ಲಕ್ಷ ರೂಪಾಯಿಗಳವರೆಗಿನ ಎರಡನೆಯ ಕಂತನ್ನು ಪಡೆಯಲು ಮೊದಲ ಸಾಲದ ಖಾತೆ ಸುಸ್ಥಿತಿಯಲ್ಲಿರಬೇಕು; ಜೊತೆಗೆ ಡಿಜಿಟಲ್ ವಹಿವಾಟನ್ನು ಅಳವಡಿಸಿಕೊಂಡಿರಬೇಕು ಅಥವಾ ಮುಂದುವರಿದ ತರಬೇತಿಯನ್ನು ಪಡೆದಿರಬೇಕು.